ಹೊಡೆದ ಔಷಧಿಯ ಹೆಸರನ್ನಷ್ಟೇ ಹುಡುಕಿ ನಾನು ಮಾಡಿದ ತಪ್ಪು

ದಾಳಿಂಬೆ ಮತ್ತು ಹಾಲಿನಲ್ಲಿ ಔಷಧಿಯ ಅಂಶ ಉಳಿದಿದೆಯೇ ಎಂದು ನೋಡುವ ಉಳಿಕೆ ಪರೀಕ್ಷೆಗೆ ಪಟ್ಟಿ ಮಾಡಲು ಯಾವ ಡೇಟಾಬೇಸ್‌ನಲ್ಲಿ ಅತಿ ಹೆಚ್ಚು ಕೀಟನಾಶಕಗಳ ಹೆಸರಿದೆ ಎಂದು ಕೇಳಿದ್ದೀರಿ. ಚಿತ್ರದುರ್ಗದಲ್ಲಿ ಕುಳಿತು ನಾನೂ ಒಮ್ಮೆ ಅಂಥ ಪಟ್ಟಿ ಮಾಡಿದ್ದೆ, ಅದನ್ನು ನಂಬಿ ಒಬ್ಬ ರೈತರನ್ನು ಸುಳ್ಳುಗಾರರೆಂದು ಬರೆದೂಬಿಟ್ಟೆ.

ಆಗ ನನ್ನ ಕೆಲಸ, ಹಿರಿಯೂರು ಕಡೆಯ ತೋಟಗಳ ಸಿಂಪಡಣೆ ದಾಖಲೆಯನ್ನು ಪ್ರಯೋಗಾಲಯದ ವರದಿಯೊಂದಿಗೆ ತಾಳೆ ನೋಡುವುದು. ಒಂದು ತೋಟದ ಹಣ್ಣಿನಲ್ಲಿ ಕಾರ್ಬೆಂಡಜಿಮ್ ಎಂಬ ಶಿಲೀಂಧ್ರನಾಶಕ ಸಿಕ್ಕಿತು. ದಾಖಲೆಯಲ್ಲಿ ಆ ಹೆಸರಿರಲಿಲ್ಲ. 'ದಾಖಲೆ ನಂಬಲರ್ಹವಲ್ಲ' ಎಂದು ಷರಾ ಬರೆದೆ. ಮರುದಿನ ಆ ರೈತರು ಖಾಲಿ ಪೊಟ್ಟಣಗಳನ್ನೆಲ್ಲ ಗೊಬ್ಬರದ ಚೀಲದಲ್ಲಿ ತುಂಬಿಕೊಂಡು ಬಂದು ಮೇಜಿನ ಮುಂದೆ ಸುರಿದರು. "ಬಾವಿಸ್ಟಿನ್ ನಮ್ಮ ಬದು ದಾಟಿ ಒಳಗೆ ಬಂದಿಲ್ಲ ಸಾರ್, ನೀವೇ ನೋಡ್ರಿ" ಎಂದರು. ಬಾವಿಸ್ಟಿನ್ ಎಂದರೆ ಕಾರ್ಬೆಂಡಜಿಮ್‌ನ ಪೇಟೆಯ ಹೆಸರು. ಆ ರಾಶಿಯಲ್ಲಿ ಥಯೋಫನೇಟ್ ಮಿಥೈಲ್ ಎಂಬ ಇನ್ನೊಂದು ಶಿಲೀಂಧ್ರನಾಶಕದ ಶೇ. 70ರ ಪುಡಿಯ ಮೂರು ಪೊಟ್ಟಣಗಳಿದ್ದವು. ಆ ಹೆಸರು ಅವರ ದಾಖಲೆಯಲ್ಲೂ ಇತ್ತು. ನಾನು ಅದನ್ನು ಕೈಯಲ್ಲಿ ಹಿಡಿದು ನೋಡಿ ಪಕ್ಕಕ್ಕಿಟ್ಟೆ.

ಉತ್ತರ ಇದ್ದದ್ದೇ ಆ ಪೊಟ್ಟಣದಲ್ಲಿ. ಥಯೋಫನೇಟ್ ಮಿಥೈಲ್ ಗಿಡದೊಳಗೆ ಹಾಗೆಯೇ ಉಳಿಯುವುದಿಲ್ಲ. ಅದರ ಅಣುವಿನ ಎರಡು ತೋಳುಗಳಲ್ಲಿ ಒಂದು ಕಳಚಿ, ಇನ್ನೊಂದು ಉಂಗುರವಾಗಿ ಮುಚ್ಚಿಕೊಂಡಾಗ ಆಗುವುದು ಕಾರ್ಬೆಂಡಜಿಮ್ಮೇ. ಶಿಲೀಂಧ್ರವನ್ನು ಕೊಲ್ಲುವ ಕೆಲಸವನ್ನು ಬಹುಮಟ್ಟಿಗೆ ಮಾಡುವುದೂ ಅದೇ. ಮೊದಲಿನದರ ಅಣುತೂಕ ಸುಮಾರು 342, ಎರಡನೆಯದರದ್ದು 191; ಆದ್ದರಿಂದ 1 ಮಿಲಿಗ್ರಾಂ ಪೂರ್ತಿ ಬದಲಾದರೆ 0.56 ಮಿಲಿಗ್ರಾಂ ಕಾರ್ಬೆಂಡಜಿಮ್ ಆಗುತ್ತದೆ. ಅಂತರರಾಷ್ಟ್ರೀಯ ಆಹಾರ ಮಾನದಂಡಗಳ ಸಂಸ್ಥೆಯಾದ ಕೋಡೆಕ್ಸ್ ತನ್ನ ಉಳಿಕೆ ಮಿತಿಯನ್ನು ಇದೇ ಗುಂಪಿನ ಬೆನೊಮಿಲ್, ಕಾರ್ಬೆಂಡಜಿಮ್, ಥಯೋಫನೇಟ್ ಮಿಥೈಲ್ ಈ ಮೂರರ ಮೊತ್ತಕ್ಕೆ, ಕಾರ್ಬೆಂಡಜಿಮ್ ಲೆಕ್ಕದಲ್ಲಿ ನಿಗದಿಪಡಿಸಿರುವುದು ಇದೇ ಕಾರಣಕ್ಕೆ. ನನ್ನ ಪಟ್ಟಿಯಲ್ಲಿ ಎರಡೂ ಹೆಸರುಗಳಿದ್ದವು, ಆದರೆ ಒಂದರಿಂದ ಇನ್ನೊಂದಕ್ಕೆ ಗೆರೆ ಇರಲಿಲ್ಲ. ಹೊಡೆದದ್ದು ಮತ್ತು ಸಿಕ್ಕಿದ್ದು ಒಂದೇ ಹೆಸರಿನಲ್ಲಿರಬೇಕು ಎಂದು ನಾನು ಭಾವಿಸಿದ್ದೇ ತಪ್ಪು. ಇದು ನನಗೆ ತಿಳಿಯುವ ಹೊತ್ತಿಗೆ ಆ ಹಣ್ಣು ಸ್ಥಳೀಯ ಮಾರುಕಟ್ಟೆಯಲ್ಲಿ ಸಿಕ್ಕ ಬೆಲೆಗೆ ಹೋಗಿತ್ತು, ಅವರ ಹೆಸರು ಖರೀದಿದಾರರ ಪಟ್ಟಿಯಿಂದ ಬಿದ್ದುಹೋಗಿತ್ತು. ಷರಾವನ್ನು ನಾನೇ ಹೊಡೆದುಹಾಕಿ ಸಹಿ ಮಾಡಿದೆ. ಆದರೂ ಎರಡು ಹಂಗಾಮು ಅವರಿಂದ ಯಾರೂ ಖರೀದಿಸಲಿಲ್ಲ.

ಆದ್ದರಿಂದ ಹೆಸರುಗಳ ಸಂಖ್ಯೆ ನೋಡಿ ಡೇಟಾಬೇಸ್ ಆರಿಸುವ ವಿಚಾರವನ್ನೇ ಬಿಡಿ. ಪ್ರತಿ ಔಷಧಿಯ ಮುಂದೆ ಅದರ ಉಳಿಕೆಯ ವ್ಯಾಖ್ಯಾನವನ್ನು, ಅಂದರೆ ಯಾವ ಯಾವ ವಸ್ತುಗಳನ್ನು ಕೂಡಿಸಿ ಅಳೆಯಬೇಕು ಎಂಬುದನ್ನು ಬರೆದುಕೊಳ್ಳಿ. ಕೋಡೆಕ್ಸ್ ಮತ್ತು ಐರೋಪ್ಯ ಒಕ್ಕೂಟದ ವ್ಯಾಖ್ಯಾನಗಳು ಎಲ್ಲ ಔಷಧಿಗಳಿಗೂ ಒಂದೇ ಅಲ್ಲ, ಹಣ್ಣು ಹೋಗುವ ದೇಶದ್ದನ್ನೇ ನೋಡಬೇಕು. ಒಂದು ಔಷಧಿ ಯಾವುದಾಗಿ ಬದಲಾಗುತ್ತದೆ ಎಂಬ ದಾರಿ ಅರ್ಥವಾಗಬೇಕಾದರೆ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ (ಎಫ್‌ಎಒ) ಹಾಗೂ ವಿಶ್ವ ಆರೋಗ್ಯ ಸಂಸ್ಥೆ ಕೀಟನಾಶಕ ಉಳಿಕೆಗಳ ಬಗ್ಗೆ ನಡೆಸುವ ಜಂಟಿ ಸಭೆಯ ಮೌಲ್ಯಮಾಪನ ವರದಿಗಳನ್ನು ಓದಿ, ಅವು ಉಚಿತವಾಗಿ ಸಿಗುತ್ತವೆ. ಬೆಳೆ, ಆಡು, ಕೋಳಿಗಳಲ್ಲಿ ನಡೆಸಿದ ಇಂಥ ಅಧ್ಯಯನಗಳು ಕೊಡುವ ಬದಲಾವಣೆಯ ದಾರಿಯ ನಕ್ಷೆಗಳನ್ನು ಒಂದೆಡೆ ಹೋಲಿಸಿ ನೋಡಲೆಂದೇ ಮೆಟಾಪಾತ್ ಎಂಬ ವ್ಯವಸ್ಥೆ ಇದೆ. ಅದು ಮುಖ್ಯವಾಗಿ ನಿಯಂತ್ರಣ ಸಂಸ್ಥೆಗಳ ಬಳಕೆಗೆ ಇರುವುದು.

ಹಾಲಿನ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಭದ್ರಾ ನಾಲೆಯ ಕೆಳಗಿನ ಭತ್ತಕ್ಕೆ ಕಾಂಡಕೊರಕದ ಹತೋಟಿಗೆ ಫಿಪ್ರೊನಿಲ್ ಎಂಬ ಕೀಟನಾಶಕ ಹಾಕಿ, ಆ ಹುಲ್ಲನ್ನು ಹಸುವಿಗೆ ಹಾಕಿದರೆ, ನೀವು ಹುಡುಕಬೇಕಾದದ್ದು ಫಿಪ್ರೊನಿಲ್‌ಗಿಂತ ಹೆಚ್ಚಾಗಿ, ಅದು ಹಸುವಿನ ಮೈಯಲ್ಲಿ ಬದಲಾಗಿ ಆಗುವ ಸಲ್ಫೋನ್ ರೂಪವನ್ನು. ಅದು ಕೊಬ್ಬಿನಲ್ಲಿ ಸೇರಿಕೊಳ್ಳುತ್ತದೆ. 2017ರಲ್ಲಿ ಫಿಪ್ರೊನಿಲ್ ಸಿಕ್ಕಿದ್ದಕ್ಕೆ ನೆದರ್ಲೆಂಡ್ಸ್ ಮತ್ತು ಬೆಲ್ಜಿಯಂನ ಮೊಟ್ಟೆಗಳನ್ನು ಹಿಂಪಡೆದಾಗಲೂ ಅಳೆದದ್ದು ಫಿಪ್ರೊನಿಲ್ ಮತ್ತು ಅದರ ಸಲ್ಫೋನ್ ಎರಡರ ಮೊತ್ತವನ್ನೇ. ಪ್ರಯೋಗಾಲಯಕ್ಕೆ ಮಾದರಿ ಕಳುಹಿಸುವ ಮುನ್ನ ಸಲ್ಫೋನ್ ಅವರ ಪಟ್ಟಿಯಲ್ಲಿದೆಯೇ ಎಂದು ಬರವಣಿಗೆಯಲ್ಲಿ ಕೇಳಿ. ಇಲ್ಲವೆಂದರೆ ಆ ವರದಿಯ 'ಪತ್ತೆಯಾಗಿಲ್ಲ' ಎಂಬ ಮಾತನ್ನು ನಂಬಿ ಯಾವ ರೈತರ ಮುಂದೆಯೂ ಹೋಗಬೇಡಿ.