ಒಂದು ತಿಂಗಳು ಪೋಕರ್ ಬಿಟ್ಟರೆ ಸಾಕೇ?

ಪ್ರಶ್ನೆ: ನನಗೆ 36 ವರ್ಷ, ಹುಬ್ಬಳ್ಳಿಯಲ್ಲಿ ಸ್ವಂತ ವ್ಯಾಪಾರವಿದೆ. ಮೊದಲು ಮೊಬೈಲಿನಲ್ಲಿ ಪೋಕರ್ ಎಂಬ ಇಸ್ಪೀಟಾಟ ಆಡುತ್ತಿದ್ದೆ. 2025ರ ಆಗಸ್ಟ್‌ನಲ್ಲಿ ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನು ಬಂದ ಮೇಲೆ ಗೆಳೆಯರೊಡನೆ ಪಣಜಿಯ ಕ್ಯಾಸಿನೊಗೆ ಹೋಗತೊಡಗಿದೆ. ಮೂರು ತಿಂಗಳಲ್ಲಿ ಆರು ಸಲ ಹೋಗಿ 1,80,000 ರೂಪಾಯಿ ಸೋತಿದ್ದೇನೆ. ಕಳೆದ ವಾರ ನನ್ನ ಕೈಯಲ್ಲಿ ಎರಡು ಎಕ್ಕಗಳಿದ್ದವು. ಇದ್ದ ಹಣವನ್ನೆಲ್ಲ ಇಟ್ಟೆ. ಎರಡು ರಾಜರನ್ನು ಹಿಡಿದಿದ್ದವನು ಕೊನೆಯ ಎಲೆಯಲ್ಲಿ ಗೆದ್ದ. ಅಂದಿನಿಂದ ನಿದ್ದೆಯಿಲ್ಲ. ಒಂದು ತಿಂಗಳು ಬಿಡುವು ತೆಗೆದುಕೊಂಡು, ಮನಸ್ಸು ತಿಳಿಯಾದ ಮೇಲೆ ಹೋಗಿ ಸೋತದ್ದನ್ನು ಗೆದ್ದುಕೊಂಡು ಆಟ ನಿಲ್ಲಿಸಬೇಕೆಂದಿದ್ದೇನೆ. ಪತ್ನಿಗೆ ಇದಾವುದೂ ತಿಳಿಯದು. ನನ್ನ ನಿರ್ಧಾರ ಸರಿಯೇ?

ಉತ್ತರ: ಬಿಡುವು ಬೇಕೆಂದು ನಿಮಗೇ ಅನ್ನಿಸಿರುವುದು ಒಳ್ಳೆಯದು. ಆದರೆ ನೀವು ಯೋಚಿಸಿರುವುದು ಬಿಡುವಲ್ಲ, ಮುಂದಿನ ಆಟಕ್ಕೆ ಮಾಡಿಕೊಳ್ಳುತ್ತಿರುವ ಸಿದ್ಧತೆ.

ಮೊದಲು ಆ ಎರಡು ಎಕ್ಕಗಳ ವಿಷಯ. ಎಲ್ಲ ಹಣವೂ ಮೊದಲೇ ಮೇಜಿನ ಮೇಲೆ ಬಿದ್ದು ಎಲ್ಲರಿಗೂ ಸೇರಿದ ಐದು ಎಲೆಗಳು ಮೇಜಿನ ಮೇಲೆ ಇನ್ನೂ ತೆರೆಯಬೇಕಿರುವಾಗ, ಎಕ್ಕಗಳ ಜೋಡಿ ರಾಜರ ಜೋಡಿಯ ಎದುರು ಗೆಲ್ಲುವುದು ನೂರಕ್ಕೆ ಸುಮಾರು 82 ಸಲ. ಉಳಿದ ಸಲ, ಎಂದರೆ ಹೆಚ್ಚುಕಡಿಮೆ ಐದೂವರೆ ಬಾರಿಗೆ ಒಮ್ಮೆ, ನಿಮಗಾದಂತೆಯೇ ಆಗುತ್ತದೆ. ಅಂದು ನೀವು ತಪ್ಪು ಆಡಲಿಲ್ಲ, ನಿಮಗೆ ಅನ್ಯಾಯವೂ ಆಗಲಿಲ್ಲ. ನಿಮ್ಮ ನಿದ್ದೆ ಕೆಡಿಸುತ್ತಿರುವುದು ಸೋಲಿಗಿಂತ ಹೆಚ್ಚಾಗಿ ‘ನನಗೆ ಬರಬೇಕಾದದ್ದು ಬರಲಿಲ್ಲ’ ಎಂಬ ಸಿಟ್ಟು. ಪೋಕರ್ ಆಡುವವರು ಇದನ್ನು ಟಿಲ್ಟ್ ಎನ್ನುತ್ತಾರೆ. ಈ ಸಿಟ್ಟು ಒಂದು ತಿಂಗಳಲ್ಲಿ ಇಳಿಯಬಹುದು. ಆದರೆ ‘ನನ್ನ ಹಣ ಇನ್ನೂ ಅಲ್ಲೇ ಇದೆ’ ಎಂಬ ಲೆಕ್ಕ ಹಾಗೆಯೇ ಉಳಿಯುತ್ತದೆ. ವಾಸ್ತವದಲ್ಲಿ ಆ ಹಣ ಅಲ್ಲಿಲ್ಲ. ಒಂದಷ್ಟು ಇತರ ಆಟಗಾರರ ಜೇಬಿಗೆ ಹೋಯಿತು, ಒಂದಷ್ಟನ್ನು ಆಟ ನಡೆಸುವವರು ರೇಕ್ ಎಂಬ ಹೆಸರಿನಲ್ಲಿ ಮುರಿದುಕೊಂಡರು. ಮುಂದೆ ನೀವು ಗೆದ್ದರೂ ಅದು ಬೇರೆಯವರ ಹೊಸ ಹಣವೇ ಹೊರತು ನೀವು ಕಳೆದುಕೊಂಡ 1,80,000 ಅಲ್ಲ.

ನೀವು ಚೆನ್ನಾಗಿ ಆಡುವವರೇ ಇರಬಹುದು. ಆದರೆ ಅದನ್ನು ತಿಳಿಯುವಷ್ಟು ಆಟ ಇನ್ನೂ ಆಗಿಲ್ಲ. ಕ್ಯಾಸಿನೊದ ಮೇಜಿನಲ್ಲಿ ಗಂಟೆಗೆ 25ರಿಂದ 30 ಬಾರಿ ಎಲೆ ಹಂಚುತ್ತಾರೆ. ಆರು ಸಲವೂ ಹತ್ತು ಹತ್ತು ಗಂಟೆ ಕುಳಿತಿದ್ದೀರೆಂದುಕೊಂಡರೂ ಒಟ್ಟು 1,800 ದಾಟುವುದಿಲ್ಲ. ಅಷ್ಟರಲ್ಲಿ ನುರಿತವನೂ ಸೋತಿರಬಹುದು, ಏನೂ ತಿಳಿಯದವನೂ ಗೆದ್ದಿರಬಹುದು. ಹೀಗಿರುವಾಗ ‘ಗೆದ್ದು ನಿಲ್ಲಿಸುತ್ತೇನೆ’ ಎಂಬುದಕ್ಕೆ ಗಡುವೇ ಇರುವುದಿಲ್ಲ. ಮೊದಲ ಜೂಜಿನಲ್ಲಿ ಧರ್ಮರಾಯ ಸೋತದ್ದೆಲ್ಲ ದ್ರೌಪದಿಯಿಂದಾಗಿ ಮರಳಿ ಬಂದಿತ್ತು, ಅವನನ್ನು ಕಾಡಿಗೆ ಕಳಿಸಿದ್ದು ಎರಡನೆಯ ಜೂಜು ಎಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ.

ಆದ್ದರಿಂದ ಬಿಡುವನ್ನು ದಿನಗಳಲ್ಲಿ ಅಳೆಯಬೇಡಿ. ನಿಮ್ಮ ವ್ಯಾಪಾರದಲ್ಲಿ ವಸೂಲಾಗದ ಬಾಕಿಯನ್ನು ಹೇಗೆ ಕಡೆಗೊಮ್ಮೆ ನಷ್ಟವೆಂದು ಬರೆದು ಹಾಕುತ್ತೀರೋ, ಈ ಹಣವನ್ನೂ ಹಾಗೆ ಬರೆದು ಹಾಕಿ. ಅದನ್ನು ಒಬ್ಬರೇ ಮಾಡುವುದು ಕಷ್ಟ. ಪತ್ನಿಗೆ ಹೇಳಬೇಕೆಂದು ನಾನು ಒತ್ತಾಯಿಸುವುದು ಇದೇ ಕಾರಣಕ್ಕೆ. ಗುಟ್ಟಾಗಿರುವವರೆಗೆ, ಆಕೆಗೆ ತಿಳಿಯುವ ಮೊದಲು ಆ ಹಣವನ್ನು ತುಂಬಿಡಬೇಕೆಂಬ ಆತುರ ನಿಮ್ಮನ್ನು ಮತ್ತೆ ಪಣಜಿಯ ದಾರಿ ಹಿಡಿಸುತ್ತದೆ. ಪೂರ್ತಿ ಮೊತ್ತವನ್ನು ಒಂದೇ ಸಲಕ್ಕೆ ಹೇಳಿ. ಅರ್ಧ ಹೇಳಿ ಅರ್ಧ ಉಳಿಸಿಕೊಂಡರೆ, ಮುಂದೆ ಆಕೆ ಹಣವನ್ನು ಕ್ಷಮಿಸಿದರೂ ಆ ಉಳಿಸಿಕೊಂಡ ಅರ್ಧವನ್ನು ಕ್ಷಮಿಸಲಾರರು. ಆಕೆ ಸಿಟ್ಟಾಗುತ್ತಾರೆ, ಆಗಲಿ. ಆ ಹೊತ್ತಿನಲ್ಲಿ ಎಕ್ಕ–ರಾಜರ ಲೆಕ್ಕವನ್ನು ಮಾತ್ರ ವಿವರಿಸಲು ಹೋಗಬೇಡಿ.

ಸಾಲ ಮಾಡಿ ಆಡಿದ್ದರೆ, ಅಥವಾ ಹೋಗಬಾರದೆಂದು ನಿಶ್ಚಯಿಸಿಯೂ ಹೋಗಿಬಿಡುತ್ತಿದ್ದರೆ, ಇದು ಅಂಕಣದ ಉತ್ತರದಿಂದ ಬಗೆಹರಿಯುವ ಮಾತಲ್ಲ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ನಿಮಗೆ ಹತ್ತಿರದಲ್ಲೇ ಇದೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಗೆಳೆಯರ ಮುಂದಿನ ಪ್ರಯಾಣ ಶನಿವಾರವಾದರೆ, ಪತ್ನಿಯೊಡನೆ ಶುಕ್ರವಾರ ರಾತ್ರಿಯೇ ಮಾತನಾಡಿ.