ಒಂದ ಎಕರೆದಾಗ ವಾರದ ಸಂತಿಗೆ ಯಾವಾಗ ಏನ ಬೆಳಿಬೇಕು?

ಗದಗ ಕಡೆ ಒಂದ ಎಕರೆ ಎರಿ (ಕಪ್ಪು ಮಣ್ಣಿನ) ಹೊಲ, ಸ್ವಲ್ಪ ಬೋರ್ ನೀರ ಐತಿ ಅಂದ್ರಿ, ಹಂಗಿದ್ರ ಮೊದಲ ತಪ್ಪಲ ಪಲ್ಯ ಹಿಡೀರಿ, ಮೆಂತೆ 25-30 ದಿನಕ್ಕ ಕೀಳಾಕ ಬರ್ತೈತಿ, ಎಲ್ಲಾ ಒಮ್ಮೆ ಬಿತ್ತಬ್ಯಾಡ್ರಿ, ವಾರಕ್ಕೊಂದ ಮಡಿ ಬಿತ್ತಿದ್ರ ಪ್ರತಿ ಸಂತಿಗೂ ಎಳೀದ ಸಿಗತೈತಿ. ಮಳಿಗಾಲದಾಗ ಎರಿ ಮಣ್ಣಾಗ ನೀರ ನಿಂತು ಕೊತಂಬ್ರಿ ಕೊಳೀತೈತಿ, ಏರುಮಡಿ ಮಾಡ್ರಿ, ಹೀರಿಕಾಯಿ ಚಪ್ಪರಕ್ಕ ಹಬ್ಬಸ್ರಿ.

ಖರೇ ಅಂದ್ರ ಹಿಂಗಾರಿನ ಛಲೋ ಟೈಮ್. ಅಕ್ಟೋಬರ್‌ದಾಗ ಕಡ್ಲಿ ಬಿತ್ತಿ, ತಿಂಗಳಾದ ಮ್ಯಾಲ ಕುಡಿ ಚಿವುಟಿ ಕಡ್ಲಿ ಪಲ್ಯ ಅಂತ ಮಾರ್ರಿ, ಚಿವುಟಿದ್ರ ಗಿಡ ಕವಲೊಡದು ಕಾಯಿನೂ ಜಾಸ್ತಿ ಹಿಡಿತೈತಿ, ಆಮ್ಯಾಲ ಹಸಿ ಕಡ್ಲಿಗಿಡದ ಸೂಡು ಮಾರಬಹುದು. ಹಕ್ಕರಕಿ ತಪ್ಪಲ ಒಂದ ಮಡಿ ಇರ್ಲೇಬೇಕ್ರಿ, ರೊಟ್ಟಿ ಜೋಡಿ ಹಸೀದ ತಿನ್ನೋ ನಮ್ಮ ಮಂದಿ ಅದನ್ನ ಬಿಡಂಗಿಲ್ಲ. ಬ್ಯಾಸಗ್ಯಾಗ ನೀರ ಕಡಿಮಿ, ಚವಳಿಕಾಯಿ (ಗೋರಿಕಾಯಿ) ಸಾಕು. ಸಂತಿ ಹಿಂದಿನ ಸಂಜಿ ಕಿತ್ತು ಹಸಿ ಗೋಣಿಚೀಲದಾಗ ಸುತ್ತಿ ಇಡ್ರಿ.