ಬೋಲ್ಟಿಗೂ ಇಂಗಾಲದ ಲೆಕ್ಕ ಯಾಕೆ ಕೇಳ್ತಾರೆ?
ನೀವು ಬೋಲ್ಟ್ ಮಾಡಿ ಜರ್ಮನಿಗೆ ಕಳಿಸ್ತೀರಿ, ಅದನ್ನು ತಯಾರಿಸುವಾಗ ಎಷ್ಟು ಇಂಗಾಲ ಹೊರಬಿತ್ತು ಅಂತ ಅಲ್ಲಿನ ಗ್ರಾಹಕರು ಲೆಕ್ಕ ಕೇಳಿದ್ದಾರೆ. ಅದು ಬಹುಶಃ ಯುರೋಪಿನ ಗಡಿ ಇಂಗಾಲ ಸುಂಕ, ಸಿಬಿಎಎಂಗಾಗಿ: ಹೊರಗಿನಿಂದ ಬರುವ ಸರಕಿನ ತಯಾರಿಕೆಯಲ್ಲಿ ಹೊರಬಿದ್ದ ಇಂಗಾಲಕ್ಕೆ ಹಾಕುವ ಸುಂಕ. 2026ರ ಜನವರಿ 1ರಿಂದ ಅದರ ಹೊರೆ ನಿಜವಾಗಿ ಶುರು. ಕಟ್ಟುವವರು ಗ್ರಾಹಕರೇ. ಆದರೆ ನೀವು ಅಂಕಿ ಕೊಡದಿದ್ದರೆ ಯುರೋಪೇ ನಿಗದಿ ಮಾಡಿ ಹೆಚ್ಚುವರಿ ಸೇರಿಸಿದ ಡೀಫಾಲ್ಟ್ ಅಂಕಿ ಬೀಳುತ್ತೆ, ಆಮೇಲೆ ರೇಟ್ ಇಳಿಸಿ ಅಂತ ನಿಮ್ಮ ಹತ್ತಿರವೇ ಬರ್ತಾರೆ.

ಮೊದಲು ಇನ್‌ವಾಯ್ಸಿನಲ್ಲಿ ಬೋಲ್ಟು, ಸ್ಕ್ರೂಗಳ ಕಸ್ಟಮ್ಸ್ ಕೋಡ್ 7318 ಇದೆಯಾ ನೋಡಿ. ಅವರು ವರ್ಷಕ್ಕೆ ತರಿಸುವ ಉಕ್ಕು, ಅಲ್ಯೂಮಿನಿಯಂ, ಸಿಮೆಂಟ್, ಗೊಬ್ಬರ ಎಲ್ಲ ಸೇರಿ 50 ಟನ್ ದಾಟಲ್ಲ ಅಂದರೆ ಈ ತಲೆನೋವೇ ಇಲ್ಲ, ಕೇಳಿಬಿಡಿ. ದಾಟುತ್ತೆ ಅಂದರೆ ಬೋಲ್ಟಿಗೆ ಬೇಕಾದ ಉಕ್ಕಿನ ವೈರ್ ರಾಡ್ ಕೊಡುವ ಮಿಲ್ಲಿಗೆ, ಟೆಸ್ಟ್ ಸರ್ಟಿಫಿಕೇಟಿನ ಹೀಟ್ ನಂಬರ್ (ಉಕ್ಕು ಕರಗಿಸಿದ ಬ್ಯಾಚಿನ ಸಂಖ್ಯೆ) ಹಾಕಿ, ಟನ್ನಿಗೆ ಎಷ್ಟು ಹೊರಸೂಸುವಿಕೆ ಅಂತ ಬರೆದು ಕೇಳಿ. ಲೆಕ್ಕದ ಸಿಂಹಪಾಲು ಅಲ್ಲೇ ಇರೋದು. ನಿಮ್ಮ ಫರ್ನೇಸಿನ ಎಲ್‌ಪಿಜಿ ಸೇರಿಸಬೇಕಾ ಅಂತ ಗ್ರಾಹಕರನ್ನು ಕೇಳಿ, ಉಕ್ಕಿಗೆ ಕರೆಂಟ್ ಲೆಕ್ಕಕ್ಕಿಲ್ಲ. ಕೊನೆಗೆ ಮಾನ್ಯತೆ ಪಡೆದ ಪರಿಶೀಲಕರಿಂದ ದೃಢೀಕರಣ ಬೇಕು. ಯಾವ ಪರಿಶೀಲಕರಾದರೆ ಒಪ್ಪುತ್ತೀರಿ ಅಂತ ಗ್ರಾಹಕರನ್ನೇ ಕೇಳಿ.